ಮನೆಯಲ್ಲಿ ಕಲಿಯುವ ಮಕ್ಕಳಿಗೆ ಹೊರಗಿನ ಜೊತೆ
(ಕಾಫಿ ಬೆಳೆಗಾರ ಕುಟುಂಬಗಳ ಸಭೆಯೊಂದರಲ್ಲಿ ಮಾಡಿದ ಭಾಷಣದ ಪಾಠ)



ಚಿಕ್ಕಮಗಳೂರು, ಮೂಡಿಗೆರೆ, ಕಳಸದ ಗುಡ್ಡಗಳಲ್ಲಿ ಒಂಟಿ ಮನೆಗಳು ಬಹಳ. ಎಷ್ಟೋ ತೋಟದ ಮನೆಗಳಿಂದ ಬಸ್ಸು ನಿಲ್ಲುವ ಜಾಗಕ್ಕೇ ಎರಡು ಮೂರು ಮೈಲಿ ನಡೆಯಬೇಕು. ಆಷಾಢದಲ್ಲಿ ಹಳ್ಳ ತುಂಬಿದರೆ ಅದೂ ಇಲ್ಲ. ಇಂತಹ ಕಡೆ ಮಕ್ಕಳಿಗೆ ಮನೆಯಲ್ಲಿಯೇ ವಿದ್ಯೆ ಕಲಿಸುವ ಆಲೋಚನೆ ಕೆಲವು ಕುಟುಂಬಗಳಿಗೆ ಬರುವುದುಂಟು. ಪಾಠ ಹೇಳುವ ಸಾಮರ್ಥ್ಯ ತಂದೆತಾಯಿಗಳಿಗೆ ಇದ್ದೀತು. ಆದರೆ ಓರಗೆಯ ಮಕ್ಕಳ ಒಡನಾಟವನ್ನೂ, ಮುಂದೆ ಪರೀಕ್ಷೆಗೆ ಕೂರುವ ದಾರಿಯನ್ನೂ ಮನೆಯೊಂದೇ ಒದಗಿಸಲಾರದು. ಶಾಲೆ ಬಿಡಿಸುವ ಮೊದಲೇ ಇವೆರಡನ್ನೂ ಹುಡುಕಿಕೊಳ್ಳುವುದು ಅತ್ಯವಶ್ಯಕ.

2010ರ ಏಪ್ರಿಲ್ 1ರಿಂದ ಜಾರಿಗೆ ಬಂದ ಶಿಕ್ಷಣ ಹಕ್ಕಿನ ಕಾಯಿದೆಯು 6ರಿಂದ 14 ವರ್ಷದ ಮಕ್ಕಳನ್ನು ಶಾಲೆಗೆ ಸೇರಿಸುವುದು ಪೋಷಕರ ಕರ್ತವ್ಯವೆನ್ನುತ್ತದೆ. ಪೋಷಕರಿಗೆ ದಂಡ ವಿಧಿಸಿಲ್ಲ, ಮನೆಯಲ್ಲಿ ಕಲಿಸುವವರಿಗೆ ಪ್ರತ್ಯೇಕ ನೋಂದಣಿಯನ್ನೂ ಇಟ್ಟಿಲ್ಲ. ಆದ್ದರಿಂದ ಕ್ಷೇತ್ರ ಶಿಕ್ಷಣಾಧಿಕಾರಿಗಳನ್ನು ಮೊದಲೇ ಕಂಡು ಮಾತನಾಡುವುದು ಕ್ಷೇಮ. ಇನ್ನೊಂದು ಮಾತು: ಕೊಯ್ಲಿನ ಕಾಲದಲ್ಲಿ ತಮ್ಮ ತಂಗಿಯರನ್ನು ನೋಡಿಕೊಳ್ಳಲೆಂದು ಲೈನು ಮನೆಯ ಹುಡುಗಿಯನ್ನು ಉಳಿಸಿಕೊಂಡರೆ ಅದು ಮನೆಯ ಕಲಿಕೆಯಲ್ಲ. ಅವಳಿಗೆ ಬೇಕಾದದ್ದು ಶಾಲೆ.

ಪರೀಕ್ಷೆಯ ದಾರಿ ಸ್ಪಷ್ಟವಾಗಿಯೇ ಇದೆ. ರಾಷ್ಟ್ರೀಯ ಮುಕ್ತ ಶಾಲಾ ಶಿಕ್ಷಣ ಸಂಸ್ಥೆಯ ಹತ್ತನೆಯ ತರಗತಿಗೆ 14 ವರ್ಷ ತುಂಬಿದವರು ಸೇರಬಹುದು. ಒಮ್ಮೆ ನೋಂದಾಯಿಸಿದರೆ 5 ವರ್ಷಗಳಲ್ಲಿ 9 ಅವಕಾಶಗಳಿರುತ್ತವೆ. ವಿಷಯಗಳನ್ನು ಒಂದೊಂದಾಗಿಯೂ ಮುಗಿಸಬಹುದು. ಮಾಧ್ಯಮವನ್ನೂ ಪರೀಕ್ಷಾ ಕೇಂದ್ರವನ್ನೂ ಹಣ ಕಟ್ಟುವ ಮೊದಲು ವಿಚಾರಿಸಿಕೊಳ್ಳತಕ್ಕದ್ದು.

ಕಷ್ಟವಿರುವುದು ಒಡನಾಟದಲ್ಲಿ. 2020ರಲ್ಲಿ ಕೊರೋನಾದಿಂದ ಶಾಲೆಗಳು ಮುಚ್ಚಿದಾಗ ಸರ್ಕಾರ ವಿದ್ಯಾಗಮ ಯೋಜನೆ ತಂದಿತು. ಶಿಕ್ಷಕರು ಊರಿಗೇ ಹೋಗಿ ದೇವಸ್ಥಾನದ ಜಗಲಿ, ಮರದ ನೆರಳುಗಳಲ್ಲಿ ಮಕ್ಕಳನ್ನು ಕೂರಿಸಿ ಪಾಠ ಮಾಡಿದರು. ಸೋಂಕಿನ ಭಯದಿಂದ ಅದೇ ಅಕ್ಟೋಬರಿನಲ್ಲಿ ಅದನ್ನು ನಿಲ್ಲಿಸಬೇಕಾಯಿತು. ಆದರೂ ನಾಲ್ಕಾರು ಮನೆಯ ಮಕ್ಕಳು ಕೂಡಿದರೆ ಕಲಿಯಲು ಕಟ್ಟಡವೇ ಬೇಕೆಂದಿಲ್ಲ ಎಂಬುದು ಆಗ ಕಣ್ಣಿಗೆ ಬಿತ್ತು.

ಹೀಗೆ ಕೂಡಲು ಸಂತೆಯ ದಿನ ಅನುಕೂಲ. ಸಂತೆಗೆ ಜೀಪು ಹೇಗೂ ಹೊರಡುತ್ತದೆ. ಮಕ್ಕಳನ್ನು ಗ್ರಾಮ ಪಂಚಾಯತಿ ಗ್ರಂಥಾಲಯದಲ್ಲಿ ಸೇರಿಸಬಹುದು. 2020ರ ನವೆಂಬರಿನಲ್ಲಿ ಆರಂಭವಾದ ‘ಓದುವ ಬೆಳಕು’ ಕಾರ್ಯಕ್ರಮದಲ್ಲಿ 6ರಿಂದ 18 ವರ್ಷದವರಿಗೆ ಈ ಗ್ರಂಥಾಲಯಗಳ ಉಚಿತ ಸದಸ್ಯತ್ವ ಕೊಡಲಾಯಿತು. ಅಲ್ಲಿಗೆ ಶಾಲೆಯ ಮಕ್ಕಳೂ ಬರುವುದರಿಂದ ಗೆಳೆತನಕ್ಕೆ ಅದೇ ಒಳ್ಳೆಯ ಜಾಗ. ಬೆಳೆಗಾರರ ಮಕ್ಕಳು ಮಾತ್ರ ಸೇರುವ ಗುಂಪಿಗಿಂತ ಲೈನು ಮನೆಯ ಮಕ್ಕಳೂ ಇರುವ ಗುಂಪು ಮೇಲು. ಸ್ಕೌಟ್ಸ್ ಮತ್ತು ಗೈಡ್ಸ್ ದಳ, ಯಕ್ಷಗಾನ ಕಲಿಸುವವರು ಹತ್ತಿರದಲ್ಲಿದ್ದರೆ ಅವರನ್ನೂ ಕೇಳಬೇಕು. ಕೊಟ್ಟಿಗೆಹಾರದಲ್ಲಿ ಪೂರ್ಣಚಂದ್ರ ತೇಜಸ್ವಿ ಪ್ರತಿಷ್ಠಾನವಿದೆ. ಕಾಡು, ಕೀಟ, ಹಕ್ಕಿಗಳಲ್ಲಿ ಆಸಕ್ತಿಯಿರುವ ಮಕ್ಕಳನ್ನು ಅಲ್ಲಿಗೆ ಕರೆದೊಯ್ಯಬೇಕು.

ಅಮೆರಿಕದಲ್ಲಿ ಫೋರ್-ಎಚ್ ಎಂಬ ಮಕ್ಕಳ ಕೂಟಗಳನ್ನು ಕೃಷಿ ವಿಶ್ವವಿದ್ಯಾನಿಲಯಗಳ ವಿಸ್ತರಣಾ ವಿಭಾಗಗಳೇ ನಡೆಸುತ್ತವೆ. ಮನೆಯಲ್ಲಿ ಕಲಿಯುವವರಿಗೂ ಅಲ್ಲಿ ಪ್ರವೇಶವಿದೆ. ಮಗು ಒಂದು ಕರುವನ್ನೋ ಒಂದು ಪಾತಿಯನ್ನೋ ವರ್ಷವಿಡೀ ಸಾಕಿ, ಲೆಕ್ಕವಿಟ್ಟು, ಇತರರ ಮುಂದೆ ವಿವರಿಸುತ್ತದೆ. ನಮ್ಮಲ್ಲಿ ಇದಕ್ಕೆ ಕಾಫಿ ಸಸಿಮಡಿಯೇ ಸಾಕು. ಐದು ಮನೆಯ ಮಕ್ಕಳು ತಲಾ ಇಪ್ಪತ್ತು ಸಸಿ ಬೆಳೆಸಿ, ಸತ್ತವೆಷ್ಟು, ಏಕೆ ಸತ್ತವು ಎಂದು ಹೋಲಿಸಿ ನೋಡಲಿ. ಮೂಡಿಗೆರೆಯ ಕೃಷಿ ವಿಜ್ಞಾನ ಕೇಂದ್ರಕ್ಕೂ, 1925ರಲ್ಲಿ ಆರಂಭವಾದ ಬಾಳೆಹೊನ್ನೂರಿನ ಕಾಫಿ ಸಂಶೋಧನಾ ಕೇಂದ್ರಕ್ಕೂ ಪತ್ರ ಬರೆದು, ಒಪ್ಪಿಗೆ ಪಡೆದು, ಗುಂಪಾಗಿ ಭೇಟಿ ಕೊಡಬಹುದು. ಒಂದು ಮಗುವಿಗಾಗಿ ಬಿಡುವು ಮಾಡಿಕೊಳ್ಳಲಾಗದ ವಿಜ್ಞಾನಿ ಹತ್ತು ಮಕ್ಕಳಿಗಾಗಿ ಮಾಡಿಕೊಂಡಾರು.

ಅರೇಬಿಕಾ, ರೊಬಸ್ಟಾ ಕೊಯ್ಲು ಮುಗಿಯುವ ತನಕ ಯಾರಿಗೂ ಪುರುಸೊತ್ತಿರುವುದಿಲ್ಲ. ಹೂಮಳೆ ಬಿದ್ದ ಮೇಲೆ, ಮುಂಗಾರಿಗೆ ಮೊದಲು ಗುಂಪು ಕಟ್ಟುವುದು ಸೂಕ್ತ. ವಿಸ್ತರಣಾ ಕಾರ್ಯಕರ್ತರು ತಮ್ಮ ಸುತ್ತಾಟದಲ್ಲಿ ಇಂತಹ ಮನೆಗಳನ್ನು ಕಂಡರೆ, ಅವರ ಒಪ್ಪಿಗೆ ಕೇಳಿ, ಒಂದು ಮನೆಯ ಸುದ್ದಿಯನ್ನು ಇನ್ನೊಂದಕ್ಕೆ ಮುಟ್ಟಿಸಲಿ. ಗುಡ್ಡದ ಆಚೆ ಬದಿಯಲ್ಲಿ ಅದೇ ವಯಸ್ಸಿನ ಮಗುವಿರುವುದು ಎಷ್ಟೋ ವೇಳೆ ಈಚೆಯವರಿಗೆ ಗೊತ್ತೇ ಇರುವುದಿಲ್ಲ.