ಸಾಲಿಯ ಖಡು ಯಾರ ರೊಕ್ಕದ್ದು?



ನಮ್ಮ ಮಕ್ಕಳು ಸಾಲಿಗೆ ಹೋಗತಾರ. ಅಲ್ಲಿ ಖಡು ಬೇಕು. ಹಾಳಿ ಬೇಕು. ಬಡವರ ಮಗುವಿಗೆ ಪೆನ್ಸಿಲ್ ಬೇಕು. ಸರಕಾರದ ರೊಕ್ಕ ತಡವಾದರೆ ಯಾರು ತರಬೇಕು? ಎಷ್ಟೋ ಊರಾಗ ಅಕ್ಕೋರು, ಮಾಸ್ತರು ತಮ್ಮ ಪಗಾರದಾಗ ತರತಾರ. ಯಾರಿಗೂ ಹೇಳೂದಿಲ್ಲ. ಅದು ದೊಡ್ಡ ಗುಣ. ಆದರೆ ಅದು ಅವರ ಮನೆಯ ರೊಕ್ಕ. ಅವರಿಗೂ ಮಕ್ಕಳಿದ್ದಾರೆ.

ಹಿಂದೆ ಸರ್ವ ಶಿಕ್ಷಾ ಅಭಿಯಾನದಲ್ಲಿ ಕಲಿಕೆಯ ಸಾಮಾನಿಗೆ ಒಬ್ಬ ಶಿಕ್ಷಕರಿಗೆ ವರ್ಷಕ್ಕೆ 500 ರೂಪಾಯಿ ಇತ್ತು. 2018ರಲ್ಲಿ ಸಮಗ್ರ ಶಿಕ್ಷಣ ಯೋಜನೆ ಬಂತು. ಆಗಿನಿಂದ ಇಡೀ ಸಾಲಿಗೆ ಕೂಡಿ ಒಂದು ಅನುದಾನ. ಮಕ್ಕಳ ಸಂಖ್ಯೆ ನೋಡಿ ಕೊಡತಾರ. ಖಡು, ರಿಪೇರಿ, ಸ್ವಚ್ಛತೆ ಎಲ್ಲಾ ಅದರಾಗೇ ಆಗಬೇಕು.

ಆ ರೊಕ್ಕದ ಮೇಲೆ ಕಣ್ಣಿಡುವವರು ಯಾರು? ಸಾಲಿಯ ಎಸ್‌ಡಿಎಂಸಿ ಸಮಿತಿ. 2009ರ ಶಿಕ್ಷಣ ಹಕ್ಕು ಕಾಯ್ದೆ ಹೇಳತದ: ಸಮಿತಿಯ ನಾಲ್ವರಲ್ಲಿ ಮೂವರು ಪಾಲಕರು ಇರಬೇಕು. ಅರ್ಧದಷ್ಟು ಹೆಣ್ಣುಮಕ್ಕಳು ಇರಬೇಕು.

ಮೊದಲು ನಾವು ಹೆಬ್ಬಟ್ಟು ಒತ್ತಿ ಎದ್ದು ಬರತಿದ್ದೆವು. ಈಗ ನಮಗೆ ಅಕ್ಷರ ಬಂದಾವ. ಸಭೆಗೆ ಹೋಗೋಣ. ಲೆಕ್ಕದ ಪುಸ್ತಕ ಓದೋಣ. ಆಮೇಲೆ ಸಹಿ ಮಾಡೋಣ.

“ರೊಕ್ಕ ಎಷ್ಟು ಬಂತು? ಯಾವುದಕ್ಕೆ ಹೋತು? ಅಕ್ಕೋರೆ, ನಿಮ್ಮ ಕೈಯಿಂದ ಎಷ್ಟು ಹೋತು?” ಎಂದು ಕೇಳೋಣ.

ಕೇಳೂದು ಜಗಳ ಅಲ್ಲ. ಕಲಿಸುವವರ ಭಾರ ಇಳಿಸೂದು.