ಜೀರ್ಣೋದ್ಧಾರದ ರೀತಿ: ಲೆಸ್ಟರ್ ನಗರದ ಜಿನಾಲಯ



ವ್ಯಾಪಾರದ ನಿಮಿತ್ತವೋ ಮಕ್ಕಳನ್ನು ಕಾಣಲೋ ಇಂಗ್ಲೆಂಡಿಗೆ ಹೋದ ಶ್ರಾವಕರು ಲೆಸ್ಟರ್ ನಗರದ ಆಕ್ಸ್‌ಫರ್ಡ್ ಸ್ಟ್ರೀಟಿನಲ್ಲಿ ಒಂದು ಜಿನಾಲಯವನ್ನು ಕಾಣುತ್ತಾರೆ. ಅದು ಜಿನಾಲಯವೆಂದು ಕಟ್ಟಿದ ಕಟ್ಟಡವಲ್ಲ. ಹತ್ತೊಂಬತ್ತನೆಯ ಶತಮಾನದಲ್ಲಿ ಕ್ರೈಸ್ತರು ಕಟ್ಟಿಕೊಂಡ ಚರ್ಚು.

ಲೆಸ್ಟರ್ ಕಾಲುಚೀಲ, ಬನಿಯನ್ನು ಹೆಣೆಯುವ ಗಿರಣಿಗಳ ಊರಾಗಿತ್ತು. ಬೆಟಗೇರಿಯ ನೇಕಾರರಿಗೆ ಅಂಥ ಊರಿನ ಸುಖದುಃಖಗಳನ್ನು ಬಿಡಿಸಿ ಹೇಳಬೇಕಾಗಿಲ್ಲ. 1972ರಲ್ಲಿ ಉಗಾಂಡಾದ ಇದಿ ಅಮೀನನು ಅಲ್ಲಿಯ ಏಷ್ಯಾ ಮೂಲದವರಿಗೆ ದೇಶ ಬಿಡಲು ತೊಂಬತ್ತು ದಿನಗಳ ಗಡುವನ್ನು ವಿಧಿಸಿದಾಗ, ಲೆಸ್ಟರಿನ ನಗರಸಭೆಯು ಉಗಾಂಡಾದ ಪತ್ರಿಕೆಯೊಂದರಲ್ಲಿ ಜಾಹೀರಾತು ಕೊಟ್ಟು, ತಮ್ಮ ಊರಿಗೆ ಬರಬೇಡಿರೆಂದು ತಿಳಿಸಿತು. ಜನ ಬಂದರು. ಬೆಲ್‌ಗ್ರೇವ್ ರಸ್ತೆಯ ಪಾಳುಬಿದ್ದ ಅಂಗಡಿಗಳ ಕದ ತೆಗೆದು ಸೀರೆ, ಚಿನ್ನ, ಕಿರಾಣಿಯ ವ್ಯಾಪಾರ ಹೂಡಿದರು. ಬೇಡವೆಂದ ಊರೇ ಇಂದು ಆ ಪೇಟೆಯನ್ನು ಹೆಮ್ಮೆಯಿಂದ ತೋರಿಸುತ್ತದೆ.

ಅಲ್ಲಿಯ ಜೈನರು 1973ರಲ್ಲಿ ಸಮಾಜವನ್ನು ಸ್ಥಾಪಿಸಿಕೊಂಡು, 1979ರಲ್ಲಿ ಆ ಹಳೆಯ ಚರ್ಚನ್ನು ಕೊಂಡರು. ಅದನ್ನು ಕೆಡವಲಿಲ್ಲ. ಒಳಗೆ ಭಾರತದಲ್ಲಿ ಕೆತ್ತಿಸಿದ ಕಲ್ಲಿನ ಕಂಬಗಳನ್ನು ನಿಲ್ಲಿಸಿದರು. ಬಣ್ಣದ ಗಾಜಿನ ಕಿಟಕಿಗಳಲ್ಲಿ ಮಹಾವೀರಸ್ವಾಮಿಯ ಜೀವನಚಿತ್ರಗಳನ್ನು ಮೂಡಿಸಿದರು. ಗಾಜಿನ ಚಿತ್ರ ಚರ್ಚಿನ ಕಲೆ, ಕಥೆ ಮಾತ್ರ ಸ್ವಾಮಿಯದು. ಮುಂಭಾಗಕ್ಕೆ ಅಮೃತಶಿಲೆ ಹೊದಿಸಿದ್ದನ್ನು ಕಟ್ಟಡಗಳ ಮೂಲರೂಪವನ್ನೇ ಬಯಸುವವರು ಒಪ್ಪಲಿಕ್ಕಿಲ್ಲ. ಆ ಆಕ್ಷೇಪಣೆಯಲ್ಲಿ ಹುರುಳಿಲ್ಲದೆ ಇಲ್ಲ. 1988ರಲ್ಲಿ ಪ್ರತಿಷ್ಠೆ ನೆರವೇರಿತು. ಶ್ವೇತಾಂಬರ, ದಿಗಂಬರ, ಸ್ಥಾನಕವಾಸಿಗಳೆಲ್ಲರಿಗೂ ಒಂದೇ ಸೂರಿನಡಿ ಸ್ಥಳವಿದೆ.

ಪರರ ಕಟ್ಟಡವನ್ನೇ ಹೀಗೆ ಉಳಿಸಿಕೊಂಡವರನ್ನು ನೋಡಿ ಬಂದ ಕಣ್ಣಿಗೆ ಈ ಸೀಮೆಯ ಸ್ಥಿತಿ ಬೇರೆಯಾಗಿ ತೋರುತ್ತದೆ. ಲಕ್ಕುಂಡಿಯಲ್ಲಿ ದಾನಚಿಂತಾಮಣಿ ಅತ್ತಿಮಬ್ಬೆ ಕಟ್ಟಿಸಿದ ಬ್ರಹ್ಮ ಜಿನಾಲಯಕ್ಕೆ 1007ರ ಶಾಸನವಿದೆ. ಪೊನ್ನನ ಶಾಂತಿಪುರಾಣ ಅಳಿಯಬಾರದೆಂದು ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿದ ಮಹಾತಾಯಿ ಆಕೆ. ಆ ಜಿನಾಲಯಕ್ಕೆ ಸರಕಾರದ ಪುರಾತತ್ವ ಇಲಾಖೆಯ ರಕ್ಷಣೆಯಾದರೂ ಇದೆ. ಹಳ್ಳಿಗಳ ಸಣ್ಣ ಬಸದಿಗಳಿಗೆ ಇರುವ ಕಾವಲುಗಾರರು ಶ್ರಾವಕರು ಮಾತ್ರ. ಕೆಲವೊಮ್ಮೆ ಕೇಡೂ ಅವರ ಭಕ್ತಿಯಿಂದಲೇ ಬರುತ್ತದೆ. ಹಣ ಕೂಡಿದೊಡನೆ ಹಳೆಯ ಕಂಬ ತೆಗೆದು ಗ್ರಾನೈಟು ಹಾಕಬೇಕೆನಿಸುತ್ತದೆ. ಸುಣ್ಣದ ಗಾರೆಯ ಜಾಗದಲ್ಲಿ ಸಿಮೆಂಟು ಮೆತ್ತಿದರೆ ತೇವ ಹೊರಹೋಗದೆ ಕಲ್ಲು ಒಳಗಿಂದಲೇ ಪುಡಿಯಾಗುತ್ತದೆ. ಶಾಸನಕ್ಕೆ ಎಣ್ಣೆಬಣ್ಣ ಬಳಿದರೆ ಅಕ್ಷರಗಳು ಮುಚ್ಚಿಹೋಗುತ್ತವೆ.

ಅಕ್ಷರದ ಬೆಲೆ ಕೋಟುಮಚಗಿಯವರಿಗೆ ತಿಳಿಯದ್ದಲ್ಲ. ಚಾಲುಕ್ಯ ಐದನೆಯ ವಿಕ್ರಮಾದಿತ್ಯನ ಕಾಲದ 1012ರ ಶಾಸನವೊಂದು ಉಳಿದುದರಿಂದಲೇ ಈ ಊರು ಉಮ್ಮಚಿಗೆಯೆಂಬ ಅಗ್ರಹಾರವಾಗಿತ್ತು, ಇಲ್ಲಿ ಪಾಠ ಹೇಳುವವರಿಗೆ ಭೂಮಿಯನ್ನು ಬಿಟ್ಟಿದ್ದರು ಎಂಬುದು ಲೋಕಕ್ಕೆ ಗೊತ್ತಾಯಿತು. ಆ ಕಲ್ಲು ಯಾರದೋ ಮನೆಯ ಮೆಟ್ಟಿಲಾಗಿದ್ದರೆ ಊರಿನ ಹಳೆಯ ಹೆಸರೂ ಹೋಗುತ್ತಿತ್ತು.

ಆದುದರಿಂದ ಯಾವುದೇ ಬಸದಿಯ ಜೀರ್ಣೋದ್ಧಾರಕ್ಕೆ ಕೈಹಚ್ಚುವ ಪಂಚರು ಗವಂಡಿಯನ್ನು ಕರೆಯುವ ಮುನ್ನ ಲಿಪಿ ಬಲ್ಲವರನ್ನು ಕರೆಯಿಸಲಿ. ಶಾಸನವಿದ್ದರೆ ಅಚ್ಚು ತೆಗೆಯಿಸಲಿ. ಬಿಚ್ಚಲೇಬೇಕಾದ ಕಲ್ಲುಗಳಿಗೆ ಸಂಖ್ಯೆ ಬರೆದು, ಚಿತ್ರ ತೆಗೆದು, ಇದ್ದಲ್ಲಿಯೇ ಕೂಡಿಸಲಿ. ಭಿನ್ನವಾದ ಹಳೆಯ ಬಿಂಬಗಳನ್ನು ಹೊಳೆಗೆ ಬಿಡದೆ ಬಸದಿಯ ಪ್ರಾಕಾರದಲ್ಲಿಯೇ ಮಳೆ ತಾಗದ ಒಂದು ಕೋಣೆಯಲ್ಲಿಡಲಿ. ಇದರ ಖರ್ಚು ಒಂದು ದಿನದ ಪ್ರಸಾದದ ಖರ್ಚನ್ನು ಮೀರಲಾರದು, ಮೀರಿದರೂ ಅದನ್ನು ಹೊರಲು ದಾನಿಗಳು ಈ ಸಭೆಯಲ್ಲಿಯೇ ಕುಳಿತಿದ್ದಾರೆ.