ಮನೆಯ ಕರೆಂಟಿಗೆ ನಿಸ್ತಂತು ಕಾವಲು



ನಿಮ್ಮ ಮನೆಯ ಎಲೆಕ್ಟ್ರಾನಿಕ್ ಮೀಟರಿನಲ್ಲಿ ಪುಟ್ಟ ಕೆಂಪು ದೀಪವೊಂದು ಮಿನುಗುವುದನ್ನು ನೀವು ನೋಡಿರಬಹುದು. ಮೀಟರಿನ ಮೇಲೆ ಒಂದು ಸಂಖ್ಯೆಯೂ ಅಚ್ಚಾಗಿರುತ್ತದೆ. ಅನೇಕ ಮೀಟರುಗಳಲ್ಲಿ ಅದು 3200. ಅಂದರೆ ದೀಪ 3200 ಸಲ ಮಿನುಗಿದರೆ ಒಂದು ಯೂನಿಟ್ ಖರ್ಚಾಯಿತೆಂದು ಅರ್ಥ. ಒಂದು ಯೂನಿಟ್ ಎಂದರೆ 36 ಲಕ್ಷ ಜೂಲ್. ಭಾಗಿಸಿ ನೋಡಿ, ಒಂದು ಮಿನುಗಿಗೆ 1125 ಜೂಲ್. ಎರಡು ಮಿನುಗುಗಳ ನಡುವಿನ ಸೆಕೆಂಡುಗಳಿಂದ 1125ನ್ನು ಭಾಗಿಸಿದರೆ, ಆ ಹೊತ್ತಿನಲ್ಲಿ ಮನೆ ಎಷ್ಟು ವ್ಯಾಟ್ ಎಳೆಯುತ್ತಿದೆ ಎಂಬುದು ಸಿಗುತ್ತದೆ. 2000 ವ್ಯಾಟಿನ ಗೀಸರ್ ಹಾಕಿದರೆ 9 ಸೆಕೆಂಡಿಗೆ 16 ಮಿನುಗು. 9 ವ್ಯಾಟಿನ ಎಲ್‌ಇಡಿ ಬಲ್ಬೊಂದೇ ಉರಿಯುತ್ತಿದ್ದರೆ ಎರಡು ನಿಮಿಷ ಕಾದರೂ ಒಂದು ಮಿನುಗು ಕಾಣದು! ಸ್ಟುಡಿಯೊ ದೀಪಗಳ ಕೆಳಗೆ ಬೆವರುವ ನಮ್ಮಂಥವರಿಗೆ ವ್ಯಾಟ್ ಎಂದರೇನೆಂದು ಮೈಗೇ ಗೊತ್ತು, ಆ ಮಾತು ಬೇರೆ.

ಆದರೆ ಮೀಟರಿನ ಮುಂದೆ ಗಡಿಯಾರ ಹಿಡಿದು ದಿನವಿಡೀ ನಿಲ್ಲುವವರಾರು? ಅದಕ್ಕಾಗಿಯೇ ನಿಸ್ತಂತು ಮಾಪಕಗಳು ಬಂದಿವೆ. ಒಂದು ಬಗೆಯದು ಈ ದೀಪದ ಎದುರು ಬೆಳಕಿನ ಸಂವೇದಕವನ್ನು ಅಂಟಿಸಿ ಮಿನುಗುಗಳನ್ನು ಎಣಿಸುತ್ತದೆ. ಇನ್ನೊಂದರಲ್ಲಿ, ತೆರೆದು ಮುಚ್ಚುವ ಬಳೆಯೊಂದನ್ನು ತಂತಿಗೆ ತೊಡಿಸುತ್ತಾರೆ. ತಂತಿಯನ್ನು ಕತ್ತರಿಸಬೇಕಾಗಿಲ್ಲ. ತಂತಿಯಲ್ಲಿ ಪ್ರವಾಹ ಸೆಕೆಂಡಿಗೆ 50 ಆವರ್ತಗಳಲ್ಲಿ ದಿಕ್ಕು ಬದಲಿಸುತ್ತಿರುವುದರಿಂದ ಅದರ ಸುತ್ತಲಿನ ಕಾಂತಕ್ಷೇತ್ರವೂ ಬದಲಾಗುತ್ತದೆ. ಬಳೆಯೊಳಗಿನ ಸುರುಳಿಯಲ್ಲಿ ಅಲ್ಪ ಪ್ರವಾಹ ಹುಟ್ಟುತ್ತದೆ. 1831ರಲ್ಲಿ ಫ್ಯಾರಡೆ ಕಂಡ ತತ್ತ್ವ ಇದೇ. ಬಳೆಯನ್ನು ಫೇಸ್ ತಂತಿಗೆ ಮಾತ್ರ ಹಾಕಬೇಕು. ನ್ಯೂಟ್ರಲನ್ನೂ ಸೇರಿಸಿದರೆ, ಹೋಗುವ ಬರುವ ಪ್ರವಾಹಗಳು ಒಂದನ್ನೊಂದು ಅಳಿಸಿ ಸೊನ್ನೆ ತೋರಿಸುತ್ತದೆ. (ಇದು ಎಲೆಕ್ಟ್ರಿಷಿಯನ್ ಮಾಡಬೇಕಾದ ಕೆಲಸ, ನೀವು ಕೈ ಹಾಕಬೇಡಿ.) ಅಳತೆಯನ್ನು ಸಣ್ಣ ಪ್ರೇಷಕವೊಂದು ರೇಡಿಯೊ ಅಲೆಯಲ್ಲಿ ಒಳಗಿನ ಪರದೆಗೆ ಕಳಿಸುತ್ತದೆ.

ಬಳೆಗೊಂದು ಮಿತಿಯಿದೆ. ಅದಕ್ಕೆ ಗೊತ್ತಿರುವುದು ಪ್ರವಾಹ ಮಾತ್ರ; ವೋಲ್ಟೇಜ್ ಸದಾ 230 ಎಂದೇ ಸರಳ ಉಪಕರಣಗಳು ಭಾವಿಸುತ್ತವೆ. ಸಂಜೆ ವೋಲ್ಟೇಜ್ 190ಕ್ಕೆ ಇಳಿದಾಗ ಲೆಕ್ಕ ತಪ್ಪುತ್ತದೆ. ಮೋಟಾರುಗಳ ಪವರ್ ಫ್ಯಾಕ್ಟರೂ ಅದಕ್ಕೆ ತಿಳಿಯದು. ನನ್ನ ಮಟ್ಟಿಗೆ ಕೆಂಪು ದೀಪದ ಸಾಕ್ಷಿಯೇ ಹೆಚ್ಚು ನಂಬಿಕೆಗೆ ಅರ್ಹ.

ಈಗ ಇನ್ನೊಂದು ಮುಖ ನೋಡೋಣ. ಫ್ರಿಜ್ಜು, ಮಿಕ್ಸಿ, ಪಂಪು ಇವು ಶುರುವಾದಾಗ ಒಟ್ಟು ಬಳಕೆಯ ರೇಖೆಯಲ್ಲಿ ತಮ್ಮದೇ ಎತ್ತರದ ಮೆಟ್ಟಿಲು ಮೂಡಿಸುತ್ತವೆ. ಆ ಮೆಟ್ಟಿಲುಗಳಿಂದಲೇ ಉಪಕರಣಗಳನ್ನು ಗುರುತಿಸುವ ವಿಧಾನವನ್ನು 1980ರ ದಶಕದಲ್ಲಿ ಅಮೆರಿಕದ ಎಂಐಟಿಯಲ್ಲಿ ಜಾರ್ಜ್ ಹಾರ್ಟ್ ರೂಪಿಸಿದರು. ಇದೇ ವಿಧಾನದಿಂದ ಮನೆಯವರ ಮೇಲೆ ಕಣ್ಣಿಡಬಹುದೆಂದು 1989ರಲ್ಲಿ ಲೇಖನ ಬರೆದವರೂ ಅವರೇ! 2009ರಲ್ಲಿ ನೆದರ್‌ಲ್ಯಾಂಡ್ಸಿನ ಸೆನೆಟ್, ಸ್ಮಾರ್ಟ್ ಮೀಟರನ್ನು ಕಡ್ಡಾಯ ಮಾಡಲು ಒಪ್ಪದಿದ್ದುದಕ್ಕೆ ಖಾಸಗಿತನದ ಚಿಂತೆಯೇ ಮುಖ್ಯ ಕಾರಣ. ನಮ್ಮಲ್ಲಿ 2021ರ ಕೇಂದ್ರ ಯೋಜನೆ 25 ಕೋಟಿ ಸ್ಮಾರ್ಟ್ ಪ್ರೀಪೇಯ್ಡ್ ಮೀಟರುಗಳ ಗುರಿ ಇಟ್ಟುಕೊಂಡಿತು. ಅರ್ಧ ಗಂಟೆಗೊಮ್ಮೆ ದಾಖಲಾದ ಅಂಕಿಯಿಂದ ನೀವು ಮಿಕ್ಸಿ ತಿರುಗಿಸಿದ್ದು ತಿಳಿಯಲಿಕ್ಕಿಲ್ಲ. ಆದರೆ ಬೇಸಿಗೆ ರಜೆಗೆ ಮನೆಗೆ ಬೀಗ ಹಾಕಿ ಅಜ್ಜಿಯ ಊರಿಗೆ ಹೋದದ್ದು ಖಂಡಿತ ತಿಳಿಯುತ್ತದೆ.